ಮಲಗಿದ ಮರ

ಡಾಕ್ಟರ್ ಯಮನಪ್ಪ ಹೆಳವರ ಅವರ ಕೋಣೆಯ ಗೋಡೆಯ ತುಂಬ ಒಂದು ಮರದ ಚಿತ್ರವಿತ್ತು. ಆ ಮರ ಮಲಗಿತ್ತು. ಬೇರು ಎಡಕ್ಕೆ, ಕೊಂಬೆಗಳೆಲ್ಲ ಬಲಕ್ಕೆ, ಕೊಂಬೆಗಳ ತುದಿಯಲ್ಲಿ ಎಲೆಯ ಬದಲು ಸಣ್ಣ ಸಣ್ಣ ಸಂಖ್ಯೆಗಳು. ಮೊದಲ ಸಲ ಒಳಗೆ ಬಂದವರು ಯಾರೇ ಇರಲಿ, ದೊಡ್ಡ ಅಧಿಕಾರಿಯಿರಲಿ, ಕಸ ಗುಡಿಸುವವಳಿರಲಿ, ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿ, ಮರವನ್ನು ಕಣ್ಣಿನಲ್ಲೇ ನೆಟ್ಟಗೆ ನಿಲ್ಲಿಸಿಕೊಂಡು ನೋಡುತ್ತಿದ್ದರು. ಆ ಆಸ್ಪತ್ರೆಯಲ್ಲಿ ಕೆಲಸ ಮಾಡಿದಷ್ಟು ಕಾಲವೂ ಆ ವಾಲಿದ ಕತ್ತುಗಳನ್ನು ನೋಡಿ ನಾನು ಒಳಗೊಳಗೇ ನಕ್ಕಿದ್ದೇನೆ. ಎರಡು ಕತ್ತುಗಳನ್ನು ನೆನೆದರೆ ಮಾತ್ರ ನಗು ಬರುವುದಿಲ್ಲ.

ಸರ್ಕಾರಿ ಕಾಗದದಲ್ಲಿ ನಾನು ಆಪ್ತ ಸಮಾಲೋಚಕಿ; ಜನರ ಬಾಯಲ್ಲಿ ಬರೀ ‘ಅಕ್ಕಾರು’. ರಕ್ತಪರೀಕ್ಷೆಗೆ ಬಂದವರಿಗೆ ಮೊದಲು ಧೈರ್ಯ ಹೇಳುವುದು, ಫಲಿತಾಂಶ ಬಂದ ಮೇಲೆ ಮತ್ತೊಮ್ಮೆ ಧೈರ್ಯ ಹೇಳುವುದು ನನ್ನ ಕೆಲಸ. ಎಚ್‌ಐವಿ ಎಂದರೆ ಊರು ಮಾರು ದೂರ ನಿಲ್ಲುತ್ತಿದ್ದ ಕಾಲ. ಎದುರಿನ ಚಹಾ ಅಂಗಡಿಯವನು ನಮ್ಮ ಮಹಡಿಯವರಿಗೆಂದು ಬೇರೆಯೇ ಕಪ್ಪು ಇಟ್ಟಿದ್ದ. ನಾನು ಸಿಡಿಮಿಡಿಗೊಂಡರೆ ಹೆಳವರ ಅವರು, “ಇರಲಿ ಬಿಡ್ರಿ, ನಮ್ಮ ಕಪ್ಪು ಎಲ್ಲಾದ್ಕಿಂತ ಸ್ವಚ್ಛ ಇರತೈತಿ. ಬ್ಯಾರೆ ಯಾರೂ ಮುಟ್ಟೂದಿಲ್ಲ” ಎಂದು ಸೊರಸೊರ ಚಹಾ ಹೀರುತ್ತಿದ್ದರು. ಇಂಥ ಕಾಯಿಲೆಯ ಆಸ್ಪತ್ರೆಯಲ್ಲಿ ಯಮನಪ್ಪ ಎಂಬ ಹೆಸರಿನ ಡಾಕ್ಟರು! ಎಷ್ಟೋ ರೋಗಿಗಳು ಬಾಗಿಲ ಮೇಲಿನ ಹಲಗೆ ಓದಿ ಅಲ್ಲಿಂದಲೇ ಹಿಂದೆ ಸರಿದದ್ದುಂಟು.

ನಿಜ ಹೇಳಬೇಕೆಂದರೆ ಅವರು ಔಷಧ ಕೊಡುವ ಡಾಕ್ಟರಲ್ಲ. ವೈರಸ್ಸಿನ ವಂಶ ಹುಡುಕುವವರು. ವೈರಸ್ಸು ಮೈಯೊಳಗೆ ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತ ಬೆಳೆಯುತ್ತದೆ, ಆ ನಕಲಿನಲ್ಲಿ ತಪ್ಪು ಬೀಳುತ್ತದೆ, ಬಿದ್ದ ತಪ್ಪು ಅದರ ಸಂತತಿಗೆಲ್ಲ ಉಳಿಯುತ್ತದೆ. ಯಾರ್ಯಾರ ರಕ್ತದಲ್ಲಿ ಒಂದೇ ಬಗೆಯ ತಪ್ಪುಗಳಿವೆ ಎಂದು ಹೋಲಿಸಿ ನೋಡಿದರೆ ಯಾವ ವೈರಸ್ಸು ಯಾವುದರ ದಾಯಾದಿ ಎಂದು ತಿಳಿಯುತ್ತದೆ. ತಪ್ಪುಗಳು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಕೂಡುತ್ತ ಹೋಗುವುದರಿಂದ, ಎರಡು ಕೊಂಬೆಗಳು ಯಾವ ಕಾಲದಲ್ಲಿ ಕವಲೊಡೆದವು ಎಂಬ ಅಂದಾಜೂ ಸಿಗುತ್ತದೆ. ಈ ಸೀಮೆಗೆ ಅದು ಮೊದಲು ಕಾಲಿಟ್ಟದ್ದು ಎಲ್ಲಿಂದ, ಯಾವಾಗ ಎಂದು ಅವರು ಹರೆಯದಿಂದ ಹುಡುಕುತ್ತಿದ್ದರು. ಸಿಕ್ಕಿರಲಿಲ್ಲ. ಗೋಡೆಯ ಮರದಲ್ಲಿ ಬೇರಿನ ತುದಿ ಚುಕ್ಕೆಚುಕ್ಕೆಯಾಗಿ ಉಳಿದಿತ್ತು.

ಅದು ಅವರಿಗೆ ಮನೆತನದ ಕಸುಬೇ ಆಗಿತ್ತು ಎನ್ನಬೇಕು. ಅವರ ತಂದೆ ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಊರೂರಿಗೆ ಹೋಗಿ, ಮನೆಮನೆಯ ಬಾಗಿಲಲ್ಲಿ ಆ ಮನೆಯವರ ಅಜ್ಜ ಮುತ್ತಜ್ಜಂದಿರ ಹೆಸರನ್ನೆಲ್ಲ ಹಾಡಿ, ಕಾಳು ಪಡೆದು ಬರುವವರು. ಊರವರ ಮುತ್ತಜ್ಜಂದಿರೆಲ್ಲ ಅಪ್ಪನಿಗೆ ಗೊತ್ತು, ಮಗನ ಮುಖವೇ ಮರೆತುಹೋಗುವಷ್ಟು ದಿನ ಅಪ್ಪ ಮನೆಗೆ ಬರುತ್ತಿರಲಿಲ್ಲ. ಬೀದಿಯಲ್ಲಿ ಯಾರ ಎತ್ತಿನ ಗಂಟೆ ಕೇಳಿದರೂ ಓಡಿ ಹೋಗಿ ನೋಡುತ್ತಿದ್ದೆ ಎಂದು ಹೆಳವರ ಅವರು ಒಮ್ಮೆ ಹೇಳಿದ್ದರು. ಆಮೇಲೆ ತಂದೆಯ ಒಂದು ಕಟ್ಟಳೆಯನ್ನೂ ಹೇಳಿದ್ದರು: “ಯಾರ ಮನಿ ಮುಂದ ನಿಂತರೂ ವಂಶ ಎಲ್ಲಾ ಹಾಡತಿದ್ದ. ಆ ಮನಿ ಮುರಿಯೂವಂಥಾ ಸುದ್ದಿ ಒಂದು ಗೊತ್ತಿದ್ರ ಅದನ್ನಷ್ಟ ನುಂಗತಿದ್ದ.”

ನಮ್ಮಿಬ್ಬರ ನಡುವೆಯೂ ಒಂದು ಕಟ್ಟಳೆಯಿತ್ತು. ಯಾವ ಸಂಖ್ಯೆ ಯಾರದ್ದು ಎಂದು ನನಗೆ ಮಾತ್ರ ಗೊತ್ತು. ಯಾವ ಸಂಖ್ಯೆ ಯಾವ ಕೊಂಬೆಯದ್ದು ಎಂದು ಅವರಿಗೆ ಮಾತ್ರ ಗೊತ್ತು. ನಾನು ಕೊಂಬೆ ಕೇಳುವಂತಿಲ್ಲ, ಅವರು ಹೆಸರು ಕೇಳುವಂತಿಲ್ಲ. ಹೆಂಡತಿಯ ಮೇಲೆ ಗುಮಾನಿಯಿಟ್ಟ ಗಂಡಂದಿರು ಬಂದರು, ಕರಿಕೋಟಿನ ವಕೀಲರು ಬಂದರು. ಯಾರಿಂದ ಯಾರಿಗೆ ಬಂತು ಹೇಳಿ ಎಂದವರನ್ನೆಲ್ಲ ಹೆಳವರ ಅವರು ಚಹಾ ಕುಡಿಸಿ ಕಳಿಸಿದರು. ತಂಗೆವ್ವ ಬರುವವರೆಗೂ ಆ ಕಟ್ಟಳೆ ಮುರಿದಿರಲಿಲ್ಲ.

ತಂಗೆವ್ವನ ಗಂಡ ಫಕೀರಪ್ಪ ಮಗ್ಗ ರಿಪೇರಿ ಮಾಡುತ್ತಿದ್ದವನು, ನಮ್ಮ ಆಸ್ಪತ್ರೆಯಲ್ಲೇ ತೀರಿಕೊಂಡಿದ್ದ. ಅವನನ್ನು ಮಣ್ಣು ಮಾಡಿದ ಮೇಲೆ ಅತ್ತೆ ಸೊಸೆಯನ್ನು ಹೊರಗೆ ಹಾಕಿ, ಮೊಮ್ಮಗಳು ಲಲಿತಾಳನ್ನು ತನ್ನಲ್ಲೇ ಇಟ್ಟುಕೊಂಡಳು. ಒಂದು ದಿನ ತಂಗೆವ್ವ ನನ್ನ ಬೆನ್ನ ಹಿಂದೆಯೇ ಹೆಳವರ ಅವರ ಕೋಣೆಗೆ ನುಗ್ಗಿಬಿಟ್ಟಳು. ಕತ್ತು ವಾಲಿಸಿ ಗೋಡೆ ನೋಡಿದಳು.

“ಸಾಹೇಬರ, ಇದ್ಯಾಕ್ರೀ ಮರ ಬಿದ್ದೈತಿ?”

“ಬಿದ್ದಿಲ್ಲವ್ವಾ, ಮಲಗೈತಿ. ನಾವು ಹಂಗ ಬರೀತೀವಿ.”

“ಯಾರಿಂದ ಯಾರಿಗೆ ಬಂತು ಅಂತ ಇದು ಹೇಳತೈತಂತ, ಹೌದೇನ್ರೀ? ನಾನ ತಂದು ನನ್ನ ಗಂಡನ್ನ ಕೊಂದೀನಂತ ಅತ್ತಿ ಊರೆಲ್ಲಾ ಹೇಳ್ಯಾಳ. ಊರಿಗೆ ಹೇಳಲಿ. ನನ್ನ ಕೂಸಿಗೂ ಅದನ್ನ ಹೇಳಿ ಬೆಳಸಾಕತ್ಯಾಳ. ಮೊನ್ನಿ ಸಾಲಿ ಮುಂದ ನಿಂತಿದ್ದೆ, ನನ್ನ ನೋಡಿ ಓಡಿ ಒಳಗ ಹ್ವಾದ್ಲ್ರಿ.” ಮೇಜಿನ ಮೇಲಿದ್ದ ಕಾಗದದ ಕಡೆ ಕೈ ತೋರಿಸಿದಳು. “ನನ್ನ ಮೈಯಾಗ ಗಂಡನಿಂದ ಬಂದದ್ದು ಅಂತ ಒಂದು ಹಾಳ್ಯಾಗ ಬರದ ಕೊಡ್ರಿ. ನನಗ ಓದಾಕ ಬರಂಗಿಲ್ಲ, ಆಕಿಗೆ ಬರತೈತಿ. ಆಕಿ ಓದಲಿ.”

ಹೆಳವರ ಅವರು ಎಂದಿನ ಉತ್ತರ ಕೊಟ್ಟರು. ಮರ ಸಾಕ್ಷಿ ಹೇಳುವುದಿಲ್ಲ, ಅಂದಾಜು ಹೇಳುತ್ತದೆ, ಹಾಗೆಲ್ಲ ಬರೆದು ಕೊಡುವ ರೂಢಿಯಿಲ್ಲ, ಇತ್ಯಾದಿ. ಅವಳು ವಾದಿಸಲಿಲ್ಲ. ಬಾಗಿಲ ತನಕ ಹೋಗಿ ತಿರುಗಿ, “ಸಾಲಿ ಗಂಟಿ ಹೊಡದ್ರ ಸಾಕು, ಕಾಲು ತಾವ ಹೋಗತಾವ್ರಿ ಆ ಕಡೆ” ಎಂದಳು.

ಗಂಟೆಯ ಮಾತು ಅವರಿಗೆ ಎಲ್ಲಿ ತಾಕಿತೆಂದು ನನಗೆ ಗೊತ್ತು. ಅವಳು ಹೋದ ಮೇಲೆ ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ನನ್ನ ಮುಖ ನೋಡದೆ, “ಇಷ್ಟ ವರ್ಷ ಮರ ಬರದೀನಿ, ಒಬ್ಬರ ಕಣ್ಣೀರೂ ಒರಸಿಲ್ಲ ಅದು. ಆಕಿದು ಮತ್ತ ಆಕಿ ಗಂಡಂದು, ಎರಡೂ ಸಂಖ್ಯೆ ಕೊಡ್ರಿ” ಎಂದರು. ಫಕೀರಪ್ಪ ಬದುಕಿದ್ದಾಗ ಸಂಶೋಧನೆಗೆಂದು ಒಪ್ಪಿ ಕೊಟ್ಟ ರಕ್ತ ಅವರ ಫ್ರೀಜರಿನಲ್ಲಿ ಇನ್ನೂ ಇತ್ತು. ನಾನು ಎರಡು ಮಾತಿಲ್ಲದೆ ಸಂಖ್ಯೆ ಕೊಟ್ಟೆ. ಆ ಅತ್ತೆಯ ಬಾಯಿ ಮುಚ್ಚಿಸುವ ದಿನ ಬಂತೆಂದು ನನಗೆ ಒಳಗೆ ಖುಷಿಯೇ ಆಗಿತ್ತು.

ಅದು ಒಂದೆರಡು ದಿನದ ಕೆಲಸವಲ್ಲ. ಒಬ್ಬರ ಮೈಯಲ್ಲೇ ವೈರಸ್ಸು ಹತ್ತು ಬಗೆಯಾಗಿರುತ್ತದೆ, ಅಷ್ಟನ್ನೂ ಓದಬೇಕು. ಪ್ರತಿ ಬಾರಿ ಮಾತ್ರೆಗೆ ಬಂದಾಗ ತಂಗೆವ್ವ ಕೋಣೆಯೊಳಗೆ ಇಣುಕಿ, “ಮರ ಎದ್ದಿಲ್ಲೇನ್ರೀ ಇನ್ನ?” ಎನ್ನುವಳು. “ಇನ್ನ ಮಲಗೈತವ್ವಾ” ಎಂದು ಇವರು. ಕೊನೆಗೊಂದು ಮಧ್ಯಾಹ್ನ ಅವರು ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿದರು. ಮೇಜಿನ ಮೇಲೆ ಹೊಸದೊಂದು ಚಿಕ್ಕ ಮರವಿತ್ತು.

“ಇದು ಆಕಿ ಕೊಂಬಿ. ಇದು ಅವಂದು. ಆಕಿ ಕೊಂಬಿಯೊಳಗಿಂದ ಅವಂದು ಒಡದೈತಿ.”

“ಅಂದ್ರ?”

“ಆಕಿಯಿಂದ ಅವಗ ಹೋಗಿರಬೇಕು. ಖಾತ್ರಿ ಅಲ್ಲ. ಆದ್ರ ಯಾವ ಕಡೆಯಿಂದ ನೋಡಿದ್ರೂ ಅದನ್ನ ಹೇಳತೈತಿ.”

ಅತ್ತೆಯ ಮಾತೇ ಗೆದ್ದಿತಲ್ಲ ಎಂದುಕೊಂಡೆ. ಆದರೆ ಅವರ ಬೆರಳು ಇನ್ನೂ ಚಿತ್ರದ ಮೇಲೇ ಇತ್ತು. ತಂಗೆವ್ವನ ಕೊಂಬೆಗೆ ಒತ್ತಿಕೊಂಡಂತೆ ಇನ್ನೂ ಕೆಲವು ಸಂಖ್ಯೆಗಳಿದ್ದವು. “ಇವರ ಹೆಸರು ಬ್ಯಾಡ. ಇವರೊಳಗ ಏನರ ಸಂಬಂಧ ಐತೇನು, ಅಷ್ಟ ಹೇಳ್ರಿ.”

ನಾನು ಸಂಖ್ಯೆಗಳನ್ನು ನೋಡುತ್ತ ಹೋದೆ. ಎಲ್ಲರೂ ಹೆಂಗಸರು. ಎಲ್ಲರೂ ಪೇಟೆಯಲ್ಲಿದ್ದ, ಈಗ ಮುಚ್ಚಿಹೋದ ಒಂದು ಸಣ್ಣ ಆಸ್ಪತ್ರೆಯಲ್ಲಿ ಹೆತ್ತವರು. ಎಲ್ಲರಿಗೂ ಹೆರಿಗೆಯಲ್ಲಿ ರಕ್ತ ಏರಿಸಿದ್ದರು. ರಕ್ತ ಮಾರಿ ಹೊಟ್ಟೆ ಹೊರೆಯುವವರು ಆಗ ಆಸ್ಪತ್ರೆಯ ಕಟ್ಟೆಯ ಮೇಲೇ ಕುಳಿತಿರುತ್ತಿದ್ದರು. ಅವರ ರಕ್ತವನ್ನು ಯಾರೂ ಪರೀಕ್ಷಿಸುತ್ತಿರಲಿಲ್ಲ. ತಂಗೆವ್ವ ಹೆತ್ತದ್ದೂ ಅಲ್ಲಿಯೇ. ಮೊದಲ ಸಲ ಬಂದಾಗ ರಕ್ತ ಏರಿಸಿದ್ದರೇ ಎಂದು ನಾನು ಕೇಳಿದ್ದಕ್ಕೆ ಇಲ್ಲವೆಂದಿದ್ದಳು. ಈ ಕೊಂಬೆಗಳು ಕವಲೊಡೆದ ಕಾಲ ಯಾವುದೆಂದು ಕೇಳಿದೆ. ಅವರು ಹೇಳಿದ್ದು ಲಲಿತಾ ಹುಟ್ಟಿದ ಕಾಲವನ್ನೇ.

“ಹಂಗಾದ್ರ ಆಕಿದೇನೂ ತಪ್ಪಿಲ್ಲ!” ನಾನು ಎದ್ದೇ ನಿಂತಿದ್ದೆ. “ಬರೀರಿ ಸರ್, ಇದನ್ನ ಬರದು ಕೊಡೋಣು.”

“ಬರೀತೀನಿ. ಓದಾಕಿ ಯಾರು?” ಎಂದರು.

ಆಗ ನನಗೆ ಹೊಳೆಯಿತು: ಓದುವವಳು ಆ ಹೆರಿಗೆಯಲ್ಲೇ ಹುಟ್ಟಿದ ಲಲಿತಾ.

ಆದರೂ ಅದು ತಂಗೆವ್ವನ ಮೈಯ ಸುದ್ದಿ, ಅವಳಿಂದ ಮುಚ್ಚಿಡುವ ಹಕ್ಕು ನಮಗಿರಲಿಲ್ಲ. ಕರೆದು ಹೇಳಿದೆವು. ಅವಳು ತನ್ನ ಮೊಳಕೈ ಮುಟ್ಟಿಕೊಂಡಳು. “ಹಡಿಯೂ ಮುಂದ ನನಗ ಎಚ್ಚರಿಲ್ಲ. ಎದ್ದಾಗ ಇಲ್ಲಿ ಪಟ್ಟಿ ಕಟ್ಟಿತ್ತು. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.” ತಟ್ಟನೆ ನನ್ನ ಕೈ ಹಿಡಿದುಕೊಂಡಳು. “ನನ್ನ ಕೂಸಿಗೆ?”

“ಅವರಪ್ಪ ಇಲ್ಲಿ ಇದ್ದಾಗನ ಆಕಿಗೂ ಪರೀಕ್ಷಾ ಆಗೈತಿ, ಏನೂ ಇಲ್ಲ,” ಎಂದೆ ನಾನು.

“ಹಡದ ಮ್ಯಾಲೆ ಎದಿಹಾಲ ಕುಡಿಸಿದ್ರೇನವ್ವಾ?” ಎಂದರು ಹೆಳವರ.

“ಎಲ್ಲೀದ್ರೀ? ಜ್ವರಾ ಬಂದು ಹಾಲ ಬತ್ತಿ ಹ್ವಾತು. ಅತ್ತಿ ಆಕಳ ಹಾಲಿನ ಮ್ಯಾಲೆ ಬೆಳಸಿದ್ಲು. ಹಡದ ಕೂಸಿಗೆ ಹಾಲ ಕೊಡಲಾರದಾಕಿ ಅಂತ ಇವತ್ತಿಗೂ ಆಡ್ಕೋತಾಳ.”

“ಎದಿಹಾಲಿನ್ಯಾಗೂ ಇದು ದಾಟತೈತಿ. ಹಾಲ ಬತ್ತಿದ್ದ ಕೂಸನ್ನ ಉಳಿಸಿರಬೇಕವ್ವಾ.”

ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಲ್ಲೇ ಕುಸಿದು ಕುಳಿತಳು. ನಾನು ನೀರು ಕೊಟ್ಟೆ. ನೀರು ಕುಡಿದು, ಮುಖ ಒರೆಸಿಕೊಂಡು, ಬಹಳ ಸಮಾಧಾನದಿಂದ ಹೇಳಿದಳು: “ಸಾಹೇಬರ, ಹಾಳಿ ಬರೀಬ್ಯಾಡ್ರಿ. ಅವ್ವ ಕೊಂದ್ಲು ಅಂತ ತಿಳಕೊಂಡ್ರ ಆಕಿ ನನ್ನ ಬೈಕೋತ ಹಾಯಾಗಿ ಬದಕತಾಳ. ನಾ ಹುಟ್ಟಿದ್ದಕ್ಕ ಅಪ್ಪ ಸತ್ತ ಅಂತ ತಿಳಕೊಂಡ್ರ ಯಾರನ್ನ ಬೈಬೇಕ್ರೀ?”

ಮುಂದೆ ಆ ಕೊಂಬೆಗಳ ವಿಷಯ ದೂರದ ದೇಶದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ರಕ್ತ ಮಾರುವವರ ಕಟ್ಟೆ ನಮ್ಮೂರಿನಲ್ಲಿ ಖಾಲಿಯಾಯಿತು. ಹೆಳವರ ಅವರಿಗೆ ಶಾಲು ಹೊದಿಸಿದರು, ದೊಡ್ಡ ಊರಿಂದ ಕರೆ ಬಂತು, ಅವರು ಹೋಗಲಿಲ್ಲ. ತಂಗೆವ್ವ ಮಾತ್ರೆ ನುಂಗುತ್ತ, ರವಿಕೆ ಹೊಲಿಯುತ್ತ ಬಾಳಿದಳು. ಮಗಳು ದೊಡ್ಡವಳಾದದ್ದನ್ನು, ಜಡೆ ಬಿಟ್ಟು ತುರುಬು ಕಟ್ಟಿದ್ದನ್ನು, ಮದುವೆಯ ಮೆರವಣಿಗೆಯನ್ನು ಎಲ್ಲ ದೂರದಿಂದಲೇ ನೋಡಿ ಬಂದು ನನಗೆ ಹೇಳುತ್ತಿದ್ದಳು. ಮದುವೆಯ ರವಿಕೆಯ ತೋಳು ಬಿಗಿಯಾಗಿತ್ತು, ತಾನು ಹೊಲಿದಿದ್ದರೆ ಹಾಗಾಗುತ್ತಿರಲಿಲ್ಲ ಎಂದು ಎಷ್ಟೋ ದಿನ ಅದನ್ನೇ ಆಡಿದಳು. ನಾನು ಕೇಳುತ್ತಿದ್ದೆ, ಅಷ್ಟೇ. ಅದಕ್ಕೆ ಹೇಳುವ ಧೈರ್ಯ ನನ್ನ ಹತ್ತಿರವೂ ಇರಲಿಲ್ಲ.

ಹೆಳವರ ಅವರ ನಿವೃತ್ತಿ ಹತ್ತಿರ ಬಂದಿತ್ತು. ಬಸುರಿಯರ ರಕ್ತಪರೀಕ್ಷೆಯ ದಿನ ತುಂಬುಬಸುರಿ ಹುಡುಗಿಯೊಬ್ಬಳು ನನ್ನೆದುರು ಕುಳಿತು, ತನಗೇನೂ ಇಲ್ಲವೆಂದು ಕೇಳಿಸಿಕೊಂಡ ಮೇಲೂ ಏಳಲಿಲ್ಲ. “ತಂಗೆವ್ವ ಅಂತ ಇಲ್ಲಿ ಗುಳಗಿಗೆ ಬರತಾರಲ್ರೀ?” ಎಂದಳು. ಇವಳೇ ಲಲಿತಾ ಎಂದು ಆಗ ಗುರುತು ಹತ್ತಿತು. ತಂಗೆವ್ವ ಆ ಹೊತ್ತಿಗೆ ಹೊರಗೆ ಮಾತ್ರೆಯ ಸಾಲಿನಲ್ಲೇ ನಿಂತಿದ್ದಳು. ನನ್ನ ಕೋಣೆಯಲ್ಲಿ ಜನ ಗಿಜಿಗುಟ್ಟುತ್ತಿದ್ದರು. ಇಬ್ಬರನ್ನೂ ಹೆಳವರ ಅವರ ಕೋಣೆಗೆ ಕರೆದುಕೊಂಡು ಹೋದೆ.

ತಾಯಿ ಗೋಡೆಗೆ ಆತು ನಿಂತಳು. ಮಗಳು ನೆಲ ನೋಡುತ್ತ, ಮನೆಯಿಂದಲೇ ಕಲಿತುಕೊಂಡು ಬಂದ ಹಾಗೆ ಮಾತಾಡಿದಳು.

“ಅಜ್ಜಿ ಹ್ವಾದ್ಲು. ಚೊಚ್ಚಲ ಹೆರಿಗಿ ತವರಾಗ ಆಗಬೇಕಂತಾರ ಗಂಡನ ಮನ್ಯಾಗ. ನನಗ ತವರು ಅಂದ್ರ ನೀನ. ನೀ ಅಪ್ಪಗ ತಂದ ಹಾಕಿದ್ದು ನಾ ಮರತೀನಿ. ಆದದ್ದು ಆತು. ಈಗ ಮನಸಿನ್ಯಾಗ ಏನೂ ಇಟ್ಟಕೊಂಡಿಲ್ಲ.”

ಹೆಳವರ ಅವರು ಕುರ್ಚಿಯಿಂದ ಅರ್ಧ ಎದ್ದರು. ಅವರ ಬಾಯಿ ತೆರೆದದ್ದನ್ನು ನಾನು ಕಂಡೆ. ಹೇಳಿಬಿಡಲಿ ದೇವರೇ ಎಂದು ಒಂದು ಕ್ಷಣ ನಾನೂ ಬೇಡಿಕೊಂಡೆ. ಮಾಡದ ತಪ್ಪಿಗೆ ಕ್ಷಮೆ ಪಡೆಯುವುದನ್ನು ನೋಡುತ್ತ ನಿಲ್ಲುವುದು ನನ್ನಿಂದಾಗುತ್ತಿರಲಿಲ್ಲ. ತಂಗೆವ್ವ ಅವರನ್ನೊಮ್ಮೆ ನೋಡಿದಳು, ಬರೀ ನೋಡಿದಳು. ಅವರು ಮತ್ತೆ ಕುಳಿತರು.

“ನಿನ್ನ ಮನಸು ದೊಡ್ಡದು, ನನ್ನವ್ವಾ,” ಎಂದಳು ತಂಗೆವ್ವ. “ಎಷ್ಟು ತಿಂಗಳು ತುಂಬ್ಯಾವ?” ಎಂದು ಕೈ ಚಾಚಿ ಮಗಳ ಹೊಟ್ಟೆಯ ಹತ್ತಿರ ತಂದು, ಮುಟ್ಟದೆ ಹಿಡಿದಳು. ಮಗಳು ಆ ಕೈಯನ್ನು ತಾನೇ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

ಆಮೇಲೆ ಲಲಿತಾ ಕಣ್ಣೊರೆಸಿಕೊಂಡು, ಏನಾದರೂ ಆಡಬೇಕಲ್ಲ ಎಂಬಂತೆ ಗೋಡೆಯ ಕಡೆ ತಿರುಗಿದಳು. ಕತ್ತು ಒಂದು ಪಕ್ಕಕ್ಕೆ ವಾಲಿತು.

“ಇದ್ಯಾಕ್ರೀ ಸರ್, ಮರ ಬಿದ್ದೈತಿ?”

“ಬಿದ್ದಿಲ್ಲವ್ವಾ,” ಎಂದರು ಹೆಳವರ. ಕನ್ನಡಕ ತೆಗೆದು ಒರೆಸತೊಡಗಿದರು.

“ಮಲಗೈತಿ,” ಎಂದಳು ತಂಗೆವ್ವ. ಕೈಯನ್ನು ಅಲ್ಲಿಂದ ತೆಗೆಯದೆ, ಮಗಳ ಪಕ್ಕದಲ್ಲಿ ನಿಂತು, ಮಗಳು ವಾಲಿಸಿದ ಕಡೆಗೇ ತಾನೂ ಕತ್ತು ವಾಲಿಸಿ ಆ ಮರವನ್ನು ನೋಡಿದಳು.