ಹಸಿರು ಗೆರೆಯವರೆಗೆ

“ಕಟ್” ಎಂದವಳು ನೆನಪಮ್ಮ. ಆ ಮಾತನ್ನು ನಿರ್ದೇಶಕನಲ್ಲದೆ ಬೇರೆ ಯಾರೂ ಆಡಕೂಡದೆಂದು ಶೂಟಿಂಗ್ ಫ್ಲೋರಿನಲ್ಲಿ ವೈರು ಸುತ್ತುವವರಿಗೂ ಗೊತ್ತು. ಇಪ್ಪತ್ತಾರು ವರ್ಷದಿಂದ ಕ್ಯಾಮೆರಾದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತವಳಿಗೆ ಗೊತ್ತಿರುವುದಿಲ್ಲವೇ? ಬಾಯಿ ತಪ್ಪಿ ಬಂದುಬಿಟ್ಟಿತು. ಕ್ಯಾಮೆರಾ ನಿಂತಿತು. ಎಲ್ಲರ ಕಣ್ಣೂ ಅವಳ ಮೇಲೆ. ಅವಳು ಪೆನ್ಸಿಲ್ ಹಿಡಿದು ಎದ್ದು ನಿಂತಿದ್ದಳು, ಮುಂದೇನು ಹೇಳಬೇಕೆಂದು ತೋಚದೆ. ಯಾಕೆಂದರೆ ತಪ್ಪು ಮಾಡಿದವರು ದೊಡ್ಡವರು, ಎಲ್ಲರೂ ಹಾಗೆಂದೇ ಕರೆಯುವ ಚಿತ್ರದ ನಾಯಕ.

ತಪ್ಪು ಹಿಡಿಯುವುದೇ ಅವಳ ಕೆಲಸ. ಬೆಳಿಗ್ಗೆ ದೂರದಿಂದ ತೆಗೆದ ಶಾಟಿನಲ್ಲಿ ಅಂಗಿಯ ಮೇಲಿನ ಗುಂಡಿ ಬಿಚ್ಚಿದ್ದರೆ, ಮಧ್ಯಾಹ್ನ ಅದೇ ದೃಶ್ಯವನ್ನು ಹತ್ತಿರದಿಂದ ತೆಗೆಯುವಾಗಲೂ ಬಿಚ್ಚಿರಬೇಕು. ಇಲ್ಲದಿದ್ದರೆ ಪರದೆಯ ಮೇಲೆ ಗುಂಡಿ ತನ್ನಷ್ಟಕ್ಕೆ ತಾನೇ ಹಾಕಿಕೊಂಡು ಬಿಚ್ಚಿಕೊಂಡು ಆಟವಾಡುತ್ತದೆ, ಜನ ಅಳಬೇಕಾದ ಕಡೆ ನಗುತ್ತಾರೆ. ಯಾವ ಕೈಯಲ್ಲಿ ಚೀಲ, ಯಾವ ಮಾತಿಗೆ ತಲೆಯೆತ್ತಿದ್ದು, ಲೋಟದಲ್ಲಿ ಎಷ್ಟು ನೀರು, ಎಲ್ಲವನ್ನೂ ಅವಳು ಬರೆದಿಟ್ಟುಕೊಳ್ಳಬೇಕು. ಅದಕ್ಕೇ ನೆನಪಮ್ಮ ಎಂಬ ಹೆಸರು. ಮನೆಯಲ್ಲಿ ಮಾತ್ರ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಾಳೆ, ವಾರಕ್ಕೆರಡು ಸಲ ಹಾಲು ಉಕ್ಕಿಸುತ್ತಾಳೆ. ಇಂಥವಳಿಗೆ ಆ ಹೆಸರಿಟ್ಟ ಪುಣ್ಯಾತ್ಮ ಯಾರೆಂದು ಗಂಡ ಇವತ್ತಿಗೂ ಕೇಳುತ್ತಿರುತ್ತಾನೆ.

ಇನ್ನು ದೊಡ್ಡವರ ವಿಷಯ. ಚಿತ್ರರಂಗದಲ್ಲಿ ನಲವತ್ತೊಂದು ವರ್ಷ. ಮೊದಲು ಗುಂಪಿನಲ್ಲಿ ಓಡುವವರಲ್ಲೊಬ್ಬ, ಆಮೇಲೆ ನಾಯಕನ ಗೆಳೆಯ, ಆಮೇಲೆ ನಾಯಕ. ಕ್ಷೌರದಂಗಡಿಯ ಗೋಡೆಯಿಂದ ಹಿಡಿದು ಆಸ್ಪತ್ರೆಯ ಮಂಚದ ತಲೆದೆಸೆಯವರೆಗೆ ಅವರ ಫೋಟೋ ಇಲ್ಲದ ಜಾಗವಿಲ್ಲ. ಅವರ ಕಾರು ಹೋಗುವಾಗ ಬೀದಿಯಲ್ಲಿ ಜಗಳವಾಡುತ್ತಿದ್ದವರು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದುಕೊಂಡೇ ಕೈ ಬೀಸಿದ್ದನ್ನು ನೆನಪಮ್ಮ ಕಣ್ಣಾರೆ ಕಂಡಿದ್ದಾಳೆ. ಆದರೆ ಅವಳು ಅವರನ್ನು ಕಂಡು ಬೆರಗಾಗುತ್ತಿದ್ದುದು ಅದಕ್ಕಲ್ಲ. ನೂರಾ ಮೂರು ಜ್ವರದಲ್ಲಿ ಮೆಟ್ಟಿಲಿಳಿಯುವ ದೃಶ್ಯವನ್ನು ಏಳು ಸಲ ಮಾಡಿದಾಗ ಏಳು ಸಲವೂ ನಾಲ್ಕನೆಯ ಮೆಟ್ಟಿಲಲ್ಲೇ ಕೈಕಂಬಿ ಹಿಡಿದಿದ್ದರು. ಅಳುವ ದೃಶ್ಯದಲ್ಲಿ ಅದೇ ಮಾತಿಗೆ ಅದೇ ಎಡಗಣ್ಣಿನಿಂದ ನೀರು ಬರುತ್ತಿತ್ತು. ಇದನ್ನೆಲ್ಲ ಹೇಳಿದರೆ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ.

ಪ್ರತಿ ಸಂಜೆ ಮೇಕಪ್ ತೆಗೆದು ಹೊರಡುವಾಗ ಅವರು ಅವಳ ಕುರ್ಚಿಯ ಬಳಿ ನಿಂತು, “ನೆನಪಮ್ಮ, ಇವತ್ತು ನನ್ನದೇನಾದ್ರೂ ತಪ್ಪಿತ್ತಾ?” ಎಂದು ಕೇಳುತ್ತಿದ್ದರು. ಅವಳು “ಇಲ್ಲ ಸರ್” ಎನ್ನುತ್ತಿದ್ದಳು. ಇಪ್ಪತ್ತಾರು ವರ್ಷದಿಂದ ಇದೇ ಪ್ರಶ್ನೆ, ಇದೇ ಉತ್ತರ. ಅವಳ ಪುಸ್ತಕಗಳಲ್ಲಿ ಅವರ ತಪ್ಪಿನ ಕಾಲಮ್ಮು ಖಾಲಿ ಬಿದ್ದಿತ್ತು. ಆ ಖಾಲಿ ಜಾಗವೆಂದರೆ ಅವಳಿಗೆ ತನ್ನದೇ ಸಾಧನೆಯಷ್ಟು ಹೆಮ್ಮೆ.

ಇವತ್ತಿನದು ಸರಳ ದೃಶ್ಯ. ಹದಿನಾರು ವರ್ಷದ ಮೇಲೆ ಮಗ ಮನೆಗೆ ಬರುತ್ತಾನೆ. ತಾಯಿ ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸಿ ಕೊಡುತ್ತಾಳೆ. ಮಗ ಕುಡಿದು, “ನೀರು ಅದೇ ರುಚಿ ಇದೆ” ಎನ್ನುತ್ತಾನೆ. ಅಷ್ಟೇ. ಲೋಟಕ್ಕೆ ನಡುವೆ ಒಂದು ಹಸಿರು ಗೆರೆ. ಬೆಳಿಗ್ಗೆ ದೂರದ ಶಾಟಿನಲ್ಲಿ ದೊಡ್ಡವರು ಆ ಗೆರೆಯವರೆಗೆ ಕುಡಿದು ನಿಲ್ಲಿಸಿದ್ದರು. ತಾಯಿಯ ಪಾತ್ರ ಅತ್ತೆಮ್ಮನದು. ಒಂದು ಕಾಲದಲ್ಲಿ ಗಯ್ಯಾಳಿ ಅತ್ತೆಯ ಪಾತ್ರಕ್ಕೆ ಅವರನ್ನು ಬಿಟ್ಟರೆ ಇಲ್ಲ ಎನ್ನುವಂತಿತ್ತು, ಹೆಸರು ಹಾಗೇ ಅಂಟಿಕೊಂಡಿತು. ದೊಡ್ಡವರಿಗಿಂತ ಆರೇ ವರ್ಷ ದೊಡ್ಡವರು. ಕ್ಯಾಮೆರಾದ ಮುಂದೆ ಅವರನ್ನು ಅಮ್ಮ ಎನ್ನುವ ದೊಡ್ಡವರು ಈಚೆ ಬಂದರೆ ಅಕ್ಕ ಎನ್ನುತ್ತಿದ್ದರು.

ಊಟವಾದ ಮೇಲೆ ಹತ್ತಿರದ ಶಾಟು. ದೊಡ್ಡವರು ಬಂದರು, ಕೂತರು, ಅತ್ತೆಮ್ಮ ಕೈ ಚಾಚುವ ಮೊದಲೇ ಜಗ್ಗನ್ನು ತಾವೇ ಎತ್ತಿ ನೀರು ಬಗ್ಗಿಸಿಕೊಂಡು ಕುಡಿದಿಟ್ಟರು. ನೆನಪಮ್ಮನ ಬಾಯಿಂದ “ಕಟ್” ಬಂದದ್ದು ಆಗ.

“ಸರ್, ಬೆಳಿಗ್ಗೆ ಅಮ್ಮ ಬಗ್ಗಿಸಿದ್ರು,” ಎಂದಳು, ತಾನೇ ತಪ್ಪು ಮಾಡಿದವಳ ಹಾಗೆ.

“ಹೌದಾ? ಮರ್ತೇಬಿಟ್ಟೆ ನೋಡು. ಇನ್ನೊಂದ್ಸಲ ಮಾಡೋಣ,” ಎಂದರು ದೊಡ್ಡವರು.

ಎರಡನೆಯ ಸಲವೂ ಜಗ್ಗು ಅವರ ಕೈಗೇ ಹೋಯಿತು. ಮೂರನೆಯ ಸಲ ಜಗ್ಗು ಮುಟ್ಟಲಿಲ್ಲ. ಆದರೆ ಅತ್ತೆಮ್ಮನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಕೂತುಬಿಟ್ಟರು, ಪಾಪ, ಆಕೆ ಎಡಗೈಯಲ್ಲಿ ಹೇಗೋ ಬಗ್ಗಿಸಬೇಕಾಯಿತು. ದೊಡ್ಡವರ ಚಿತ್ರಗಳಿಗೆ ಮುಂದಿನ ಸಾಲಿನಲ್ಲಿ ಕೂತು ಸೀಟಿ ಹೊಡೆಯುತ್ತಲೇ ಬೆಳೆದ ಎಳೆಯ ನಿರ್ದೇಶಕ ಅವರಿಗೆ ಏನು ಹೇಳಿಯಾನು? ಚಹಾ ಕುಡಿದು ಬರೋಣ ಎಂದು ಎದ್ದುಬಿಟ್ಟ.

ನಿರ್ಮಾಪಕ ನೆನಪಮ್ಮನನ್ನು ಬಾಗಿಲ ಬಳಿಗೆ ಕರೆದ. ಗಟ್ಟಿಯಾಗಿ ಮಾತಾಡಿ ಅಭ್ಯಾಸವಿದ್ದವನು ಅವತ್ತು ಪಿಸುಗುಟ್ಟಿದ. ದೊಡ್ಡವರನ್ನು ಇಟ್ಟುಕೊಂಡು ಎರಡು ಭಾಗದ ದೊಡ್ಡ ಚಿತ್ರವೊಂದನ್ನು ಅವನು ಯೋಚಿಸಿದ್ದ. ನಾಲ್ಕು ವರ್ಷದ ಕೆಲಸ, ದೊಡ್ಡವರೂ ಆಸೆಪಟ್ಟು ಒಪ್ಪಿದ್ದರು. ಆದರೆ ಅರವತ್ತೇಳು ವಯಸ್ಸು, ನೆನಪು ಕೈಕೊಡುತ್ತಿದೆ ಎಂಬ ಮಾತು ಅಲ್ಲಲ್ಲಿ ಹರಿದಾಡುತ್ತಿತ್ತು. ಇಷ್ಟು ದಿನ ನಂಬಿರಲಿಲ್ಲವಂತೆ. ಇವತ್ತು ಸಂಜೆ ನೀವು ಕೊಡುವ ವರದಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆಯಿರಿ, ಅದನ್ನು ನೋಡಿಯೇ ನಾನು ಮುಂದಿನದನ್ನು ತೀರ್ಮಾನಿಸುತ್ತೇನೆ ಎಂದ. “ನಿಮ್ಮ ಪುಸ್ತಕ ಸುಳ್ಳು ಹೇಳಲ್ಲ ಅಂತ ಎಲ್ಲರಿಗೂ ಗೊತ್ತು,” ಎಂದೂ ಸೇರಿಸಿದ.

ನೆನಪಮ್ಮ ಸೆಟ್ಟಿನ ಹಿಂದೆ, ಬಣ್ಣದ ಡಬ್ಬಗಳ ನಡುವೆ ಹೋಗಿ ಕೂತಳು. ಮೂರು ಟೇಕಿನ ಮೂರು ಲೋಟಗಳನ್ನು ಸೆಟ್ಟಿನ ಸಾಮಾನಿನವನು ಅವಳು ನೋಡುವ ತನಕ ಮುಟ್ಟಬಾರದೆಂದು ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದ. ದುಃಖವಿದ್ದರೂ ಕೆಲಸ ಕೆಲಸವೇ. ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದಳು. ಮೊದಲ ಲೋಟದಲ್ಲಿ ನೀರು ಹಸಿರು ಗೆರೆಗೆ ಸರಿಯಾಗಿ ನಿಂತಿತ್ತು. ಎರಡನೆಯದರಲ್ಲೂ ಅಷ್ಟೇ. ಮೂರನೆಯದರಲ್ಲೂ ಕೂದಲೆಳೆಯಷ್ಟು ಆಚೀಚೆ ಇರಲಿಲ್ಲ.

ಎಲಾ, ಇದೇನಿದು ಎಂದುಕೊಂಡಳು. ಜಗ್ಗು ಯಾರೆತ್ತಬೇಕೆಂಬುದೇ ಮರೆತುಹೋದ ಮನುಷ್ಯನಿಗೆ ಎಷ್ಟು ಗುಟುಕು ಕುಡಿಯಬೇಕೆಂಬುದು ಮರೆತಿಲ್ಲವೇ? ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದ ಚಿತ್ರಗಳನ್ನು ಒಂದೊಂದಾಗಿ ಹಿಗ್ಗಿಸಿ ನೋಡಿದಳು. ಅಂಗಿಯ ಗುಂಡಿ, ಚೀಲದ ಪಟ್ಟಿ, ಕುರ್ಚಿಯ ತುದಿಯಲ್ಲಿ ಕೂತ ರೀತಿ, ಎಲ್ಲ ಬೆಳಗಿನಂತೆಯೇ ಇತ್ತು. ಮೂರು ಸಲವೂ ಬದಲಾಗಿದ್ದದ್ದು ಒಂದೇ. ಅತ್ತೆಮ್ಮನ ಬಲಗೈಗೆ ಕೆಲಸವಿರಲಿಲ್ಲ.

ಅವಳು ತಲೆಯೆತ್ತಿ ನೋಡಿದಳು. ಆ ಬದಿಯ ಬೆಂಚಿನಲ್ಲಿ ಅತ್ತೆಮ್ಮ ಚಹಾ ಕುಡಿಯುತ್ತಿದ್ದರು, ಎಡಗೈಯಲ್ಲಿ. ಬಲಗೈ ಶಾಲಿನೊಳಗಿತ್ತು. ಶಾಲು ಮಾತ್ರ ಸಣ್ಣಗೆ, ಬಿಡದೆ ಅಲುಗುತ್ತಿತ್ತು. ಇಷ್ಟು ವರ್ಷ ಎಲ್ಲರ ಕೈಯನ್ನೂ ನೋಡುತ್ತಲೇ ಬಂದವಳು ಬೆಳಗಿನಿಂದ ಈ ಕೈಯನ್ನು ನೋಡಿಯೇ ಇರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ದೊಡ್ಡವರ ಕೋಣೆಯ ಬಾಗಿಲು ತೆರೆದೇ ಇತ್ತು. ಕನ್ನಡಿಯ ಮುಂದೆ ಒಬ್ಬರೇ ಕೂತಿದ್ದರು. ಕನ್ನಡಿಯಲ್ಲೇ ಅವಳನ್ನು ಕಂಡು ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ. ಮೂರು ಲೋಟದಲ್ಲೂ ನೀರು ಗೆರೆಗೇ ಇದೆ ಎಂದಳು.

ದೊಡ್ಡವರು ನಕ್ಕರು. “ನೋಡಿದ್ಯಾ, ಅದೊಂದನ್ನ ತಪ್ಪಿಸಕ್ಕಾಗಲಿಲ್ಲ. ಕೈ ಕೇಳಲ್ಲಮ್ಮ.”

ಆಮೇಲೆ ಬಿಡಿಸಿ ಹೇಳಿದರು. ಅಕ್ಕನಿಗೆ ನಡುಕದ ಕಾಯಿಲೆ, ಡಾಕ್ಟರು ನೋಡುತ್ತಿದ್ದಾರೆ. ಬೆಳಗಿನ ಮಾತ್ರೆಯ ಬಲ ಮಧ್ಯಾಹ್ನದ ಹೊತ್ತಿಗೆ ಇಳಿದುಹೋಗುತ್ತದೆ. ಬೆಳಿಗ್ಗೆಯೇ ಜಗ್ಗಿನ ಮೂತಿ ಲೋಟದ ಅಂಚಿಗೆ ಟಕಟಕ ಬಡಿದದ್ದು ಎದುರಿಗೆ ಕೂತ ತಮಗೆ ಮಾತ್ರ ಕೇಳಿಸಿತ್ತು. ಹತ್ತಿರದ ಶಾಟಿನಲ್ಲಿ ಲೋಕಕ್ಕೆಲ್ಲ ಕಾಣುತ್ತದೆ. ಅಕ್ಕನದಿನ್ನೂ ಎರಡು ದಿನದ ಶೂಟಿಂಗ್ ಆಗಿದೆಯಷ್ಟೇ. ಗೊತ್ತಾದರೆ ನಾಳೆಯೇ ಬೇರೆಯವರನ್ನು ಕರೆತರುತ್ತಾರೆ. ಮನೆಯಲ್ಲಿ ಕೂರಿಸಿದರೆ ನಾನು ಆರು ತಿಂಗಳು ಬಾಳುವುದಿಲ್ಲ ಎಂದು ಆಕೆ ಯಾವಾಗಲೋ ತಮಾಷೆಗೆ ಅಂದಿದ್ದರಂತೆ. ಅದು ತಮಾಷೆಯಲ್ಲ ಎಂದರು ದೊಡ್ಡವರು. ತಾವು ಹೀಗೇ ತಪ್ಪುತ್ತಿದ್ದರೆ ಬೆಳಗಿನ ಶಾಟನ್ನೇ ಮತ್ತೆ ತೆಗೆದು, ಮಗನೇ ನೀರು ಬಗ್ಗಿಸುವ ಹಾಗೆ ಮಾಡುತ್ತಾರೆ, ಅಲ್ಲಿಗೆ ಮುಗಿಯಿತು.

“ನನ್ನ ತಪ್ಪಾದ್ರೆ ಎಲ್ಲರೂ ಕಾಯ್ತಾರೆ, ನೆನಪಮ್ಮ. ಅಕ್ಕನ ತಪ್ಪಿಗೆ ಯಾರೂ ಕಾಯಲ್ಲ. ಅದಕ್ಕೇ ನನ್ನ ಹೆಸರೇ ಬರಿ.”

ಎರಡು ಭಾಗದ ಚಿತ್ರ ಕೈತಪ್ಪುತ್ತದೆ ಎಂದಳು ಅವಳು. ಗೊತ್ತು ಎಂದರು. ಬಹಳ ಆಸೆಯಿಟ್ಟುಕೊಂಡಿದ್ದೆ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಆಮೇಲೆ ತಮ್ಮ ಮೊದಲ ಮಾತಿನ ಕಥೆ ತೆಗೆದರು. ಗುಂಪಿನಿಂದ ಎಳೆದು ನಿಲ್ಲಿಸಿ ಒಂದೇ ಒಂದು ಸಾಲು ಕೊಟ್ಟಿದ್ದರಂತೆ. ಒಂಬತ್ತು ಸಲ ತೊದಲಿದರು. ಆಗಿನ ನಿರ್ದೇಶಕ ಇವನನ್ನು ಆಚೆ ಹಾಕಿ ಎಂದು ಎದ್ದಿದ್ದ. ಹತ್ತನೆಯ ಸಲ ಮಾತು ತಪ್ಪಿದ್ದು ಪಕ್ಕದಲ್ಲಿದ್ದ ಅಕ್ಕ. ಹನ್ನೊಂದನೆಯ ಸಲವೂ ಅವರೇ, ಹನ್ನೆರಡಕ್ಕೂ ಅವರೇ. ಬೈಗುಳವೆಲ್ಲ ಆ ಕಡೆ ತಿರುಗಿತು, ಇವರಿಗೆ ಉಸಿರು ಬಂತು. ಹದಿಮೂರಕ್ಕೆ ಮಾತು ಬಂತು. ಆ ನಿರ್ದೇಶಕ ಮತ್ತೆಂದೂ ಅಕ್ಕನನ್ನು ಕರೆಯಲಿಲ್ಲ.

“ಬೇಕಂತಲೇ ತಪ್ಪಿದ್ರಾ ಅಂತ ನಾನು ಯಾವತ್ತೂ ಕೇಳಿಲ್ಲ,” ಎಂದರು. “ಕೇಳೋ ಮಾತಾ ಅದು?”

ನೆನಪಮ್ಮನಿಗೆ ಈ ಮುಖವನ್ನು ಎಷ್ಟು ಸಾವಿರ ಸಲ ನೋಡಿದ್ದೇನೆ, ಆದರೂ ಇವತ್ತೇ ನೋಡುತ್ತಿದ್ದೇನೆ ಎನ್ನಿಸಿತು. ಅಲ್ಲಿ ನಿಂತರೆ ಅತ್ತುಬಿಡುತ್ತೇನೆಂದು ಹೊರಗೆ ಬಂದಳು.

ನಿರ್ಮಾಪಕ, ನಿರ್ದೇಶಕ ಇಬ್ಬರೂ ಕ್ಯಾಮೆರಾದ ಬಳಿ ನಿಂತಿದ್ದರು. ಅವಳು ನೇರವಾಗಿ ಹೋಗಿ ಪುಸ್ತಕ ತೆರೆದಳು.

“ದೊಡ್ಡವರದೇನೂ ತಪ್ಪಿಲ್ಲ ಸರ್. ತಪ್ಪು ನನ್ನದು. ಮೊನ್ನೆ ರಿಹರ್ಸಲ್ಲಲ್ಲಿ ಮಗನೇ ನೀರು ಬಗ್ಗಿಸ್ಬೇಕು ಅಂತಾಗಿತ್ತು. ನಾನು ಉಲ್ಟಾ ಬರ್ಕೊಂಡೆ. ಬೆಳಿಗ್ಗೆ ಅತ್ತೆಮ್ಮನ ಕೈಗೆ ಜಗ್ಗು ಕೊಟ್ಟಿದ್ದೂ ನಾನೇ. ದೊಡ್ಡವರೊಬ್ಬರಿಗೇ ಸರಿಯಾಗಿ ನೆನಪಿರೋದು.”

ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದರು. ರಿಹರ್ಸಲ್ಲಿನಲ್ಲಿ ಅಂಥದ್ದೇನೂ ಆಗಿರಲಿಲ್ಲ. ಆದರೆ ತಮ್ಮ ಕಣ್ಣಿಗಿಂತ ನೆನಪಮ್ಮನ ಮಾತನ್ನು ನಂಬುವುದು ಆ ಫ್ಲೋರಿನಲ್ಲಿ ಎಲ್ಲರಿಗೂ ರೂಢಿಯಾಗಿಹೋಗಿತ್ತು. ನಿರ್ದೇಶಕ ಹಣೆ ಉಜ್ಜಿಕೊಂಡ. ನೋಡನೋಡುತ್ತಾ ಅವನಿಗೂ ಹಾಗೇ ನೆನಪಾಗತೊಡಗಿತು. “ಹೌದು, ಹೌದು, ಮಗನೇ ಬಗ್ಗಿಸ್ಬೇಕಿತ್ತು,” ಎಂದ.

ನಿರ್ಮಾಪಕನ ಮುಖದಲ್ಲಿ ಮೊದಲು ನಿರಾಳ, ಆಮೇಲೆ ಸಿಟ್ಟು. ಅರ್ಧ ದಿನದ ಕೆಲಸ ನೀರಿನಲ್ಲಿ ಹೋಮವಾಯಿತೆಂದು ಎಲ್ಲರೆದುರೇ ಹೇಳಿದ. ಇನ್ನೂ ಒಂದು ಮಾತು ಹೇಳಿದ, ಅದೂ ಮೆಲ್ಲಗೆ: “ನಿಮಗೂ ವಯಸ್ಸಾಯ್ತಮ್ಮ. ಮುಂದಿನ ಚಿತ್ರಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೋತೀವಿ.”

ಅವಳು ಆಗಲಿ ಎಂದಳು. ಕುರ್ಚಿಗೆ ಬಂದು ಕೂತು, ದಿನದ ವರದಿಯಲ್ಲಿ ತಪ್ಪು ಯಾರದೆಂಬ ಕಡೆ ತನ್ನ ಹೆಸರು ಬರೆದಳು. ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು. ಅಕ್ಷರ ವಕ್ರವಾಗಲಿಲ್ಲ, ಅದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಬೆಳಗಿನ ದೀಪಗಳನ್ನೆಲ್ಲ ಮತ್ತೆ ಹಚ್ಚಿದರು. ದೊಡ್ಡವರು ಬಾಗಿಲಲ್ಲಿ ಕಾಣಿಸಿಕೊಂಡರು. ಅತ್ತೆಮ್ಮ ಶಾಲು ಹೊದ್ದು ಕೂತಿದ್ದರು, ಏಳಲಿಲ್ಲ. ಮಗ ಬಂದು, ತಾಯಿಯ ಮುಖದಿಂದ ಕಣ್ಣು ಕೀಳದೆ ಕೈ ಚಾಚಿದ. ಹದಿನಾರು ವರ್ಷವಾದರೂ ಜಗ್ಗು ಎಲ್ಲಿದೆಯೆಂದು ಆ ಕೈಗೆ ಗೊತ್ತಿತ್ತು. ನೀರು ಬೀಳುವ ಸದ್ದು ಬಿಟ್ಟರೆ ಫ್ಲೋರಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಕುಡಿದ, ಇಟ್ಟ. “ನೀರು ಅದೇ ರುಚಿ ಇದೆ.” ಅತ್ತೆಮ್ಮ ಎಡಗೈ ಎತ್ತಿ ಮಗನ ಹೆಗಲ ಮೇಲಿನ ಧೂಳು ಕೊಡವಿದರು. ಅದು ಯಾರೂ ಬರೆದದ್ದಲ್ಲ. ಸಾಮಾನಿನವನು ಕೈಯಲ್ಲಿದ್ದ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡ. ನಿರ್ದೇಶಕ “ಕಟ್” ಎನ್ನುವುದನ್ನೇ ಮರೆತು ನಿಂತಿದ್ದ. ನೆನಪಮ್ಮನೂ ಬರೆದುಕೊಳ್ಳುವುದನ್ನು ಮರೆತಿದ್ದಳು.

ಹತ್ತಿರದ ಶಾಟೂ ಒಂದೇ ಟೇಕಿಗೆ ಮುಗಿಯಿತು. ಸಂಜೆಯ ಬಿಸಿಲು ಬಾಗಿಲಿನಿಂದ ಒಳಗೆ ಬಿದ್ದಿತ್ತು, ದೀಪದವರು ವೈರು ಸುತ್ತುತ್ತಿದ್ದರು. ಅತ್ತೆಮ್ಮ ಕಾರು ಹತ್ತಿದರು. ನೆನಪಮ್ಮ ಪುಸ್ತಕವನ್ನು ಚೀಲಕ್ಕೆ ಹಾಕುತ್ತಿರುವಾಗ ದೊಡ್ಡವರು ಮೇಕಪ್ ತೆಗೆದು ಬಂದರು. ಎಂದಿನಂತೆ ಕುರ್ಚಿಯ ಬಳಿ ನಿಂತರು. ವರದಿಯ ವಿಷಯ ಅಷ್ಟು ಹೊತ್ತಿಗೆ ಅವರ ಕಿವಿಗೂ ಬಿದ್ದಿತ್ತು, ಬೀಳದೆ ಇರುತ್ತದೆಯೇ? ಇವತ್ತು ನನ್ನದೇನಾದರೂ ತಪ್ಪಿತ್ತಾ ಎಂದು ಕೇಳುತ್ತಾರೆಂದು ಅವಳು ಕಾದಳು. ಅವರು ಕೇಳಲಿಲ್ಲ.

ಸೆಟ್ಟಿನೊಳಗೆ ಹೋಗಿ, ಮೇಜಿನ ಮೇಲಿದ್ದ ಜಗ್ಗನ್ನು ಎತ್ತಿ ಲೋಟದ ತುಂಬ ನೀರು ಬಗ್ಗಿಸಿ ತಂದರು. ಅವಳ ಮುಂದೆ ಹಿಡಿದು ನಿಂತರು. ಸೆಟ್ಟಿನ ಸಾಮಾನು ಯಾರೂ ಮುಟ್ಟಕೂಡದೆಂದು ಇಷ್ಟು ವರ್ಷ ಕಂಡಕಂಡವರ ಮೇಲೆಲ್ಲ ರೇಗಿದ್ದ ನೆನಪಮ್ಮ ಎದ್ದು ನಿಂತು, ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಗೆರೆ ಎಲ್ಲಿದೆಯೆಂದು ನೋಡದೆ, ಪೂರ್ತಿ ಕುಡಿದಳು.