ಮೂರರಲ್ಲಿ ಒಂದನೆಯ ಸೆನ್ಸರ್

ಗುಡ್ಡದ ಅರ್ಧಕ್ಕೆ ಬಂದಾಗ ಕಾರು ಒಮ್ಮೆ ನಡುಗಿ ಸುಸ್ತಾಯಿತು. ಕೆಟ್ಟು ನಿಲ್ಲಲಿಲ್ಲ; ನಿಂತಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು. ಎಷ್ಟು ಒತ್ತಿದರೂ ವೇಗ ಏರದೆ ತೆವಳತೊಡಗಿತು. ಸ್ಟಿಯರಿಂಗ್ ಹಿಂದೆ ಎಂಜಿನ್ನಿನ ಹಳದಿ ದೀಪ ಹೊತ್ತಿಕೊಂಡಿತು. ಹಿಂದಿದ್ದ ಹಾಲಿನ ವ್ಯಾನು ಹಾರನ್ ಹೊಡೆಯಿತು. ವಾಕಿಂಗ್ ಹೊರಟಿದ್ದ ಮುದುಕರೊಬ್ಬರು ಪಕ್ಕದಲ್ಲೇ ನಡೆದುಬಂದು, ಕಾರನ್ನು ದಾಟಿ ಮುಂದೆ ಹೋದರು.

ಹಿಂದಿನ ಸೀಟಿನಲ್ಲಿ ಪರದೆಯ ಗಂಟನ್ನು ತಬ್ಬಿಕೊಂಡು ಕೂತಿದ್ದ ಅತ್ತೆ ಆ ಮುದುಕರಿಗೆ ಕೈ ಬೀಸಿದರು.

"ಅಳಿಯಂದಿರು ತಪ್ಪು ತಿಳೀಬಾರದು. ಈ ಗಂಟು ಅವರ ಕೈಗೆ ಕೊಟ್ಟಿದ್ರೆ ಇಷ್ಟೊತ್ತಿಗೆ ತಲುಪಿಸಿ ವಾಪಸ್ ಬರ್ತಿದ್ರೇನೋ."

ಸ್ಟಿಯರಿಂಗ್ ಹಿಡಿದಿದ್ದ ಅಳಿಯನ ಕಿವಿ ಕೆಂಪಾದದ್ದು ಹಿಂದಿನಿಂದ ಚೆನ್ನಾಗಿ ಕಾಣುತ್ತಿತ್ತು.

ಅತ್ತೆ ಟೈಲರ್. ಗುಡ್ಡದ ಮೇಲಿನ ನಾಟಕಮಂದಿರಕ್ಕೆ ಹೊಸ ಪರದೆ ಹೊಲಿಯುವ ಕೆಲಸ ಅವರಿಗೆ ಸಿಕ್ಕಿತ್ತು. ಎರಡು ಪಾಲು, ಒಂದೊಂದೂ ಇಬ್ಬರು ಹಿಡಿದು ಎತ್ತಬೇಕಾದಷ್ಟು ಭಾರ. ಮೊದಲ ಪಾಲು ಹೀಗೆ ಕುಂಟುತ್ತ ಕುಂಟುತ್ತ ತಲುಪಿತು. ಎರಡನೆಯದು ಶನಿವಾರ ಸಂಜೆಯೊಳಗೆ ಹೋಗಬೇಕು, ಭಾನುವಾರ ನಾಟಕ.

ಅಳಿಯ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಬೇರೆಯವರ ತಪ್ಪು ಹುಡುಕುವುದೇ ಅವನ ಹೊಟ್ಟೆಪಾಡು. ಮದುವೆಯಾಗಿ ಹನ್ನೊಂದು ವರ್ಷವಾಗಿದ್ದರೂ ಅತ್ತೆ ಅವನನ್ನು ತಪಾಸಣೆಗೆ ಬಂದ ಸಾಹೇಬರ ಹಾಗೆ ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಗೇಲಿ ಮಾಡುವಾಗಲೂ ಆ ಮರ್ಯಾದೆಗೆ ಲೋಪವಿರಲಿಲ್ಲ. ಅದರಿಂದಾಗಿ ಅವನಿಗೆ ತಿರುಗಿ ಗೇಲಿ ಮಾಡುವ ದಾರಿಯೇ ಇರಲಿಲ್ಲ.

ಗ್ಯಾರೇಜಿನವರು ಒಂಬತ್ತು ದಿನ ಬಿಟ್ಟು ಬನ್ನಿ ಎಂದರು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಡತಿ, ಡ್ಯೂಟಿಗೆ ಹೊರಡುತ್ತ, "ರೀ, ಒಂದು ಬಾಡಿಗೆ ವ್ಯಾನ್ ಹೇಳಿ ಸಾಕು. ನೀವು ಗಾಡಿ ಅಡಿ ನುಗ್ಗಬೇಡಿ" ಎಂದಳು. ಅವಳು ಬಾಗಿಲು ದಾಟಿದ ಅರ್ಧ ಗಂಟೆಯಲ್ಲಿ ಅವನು ಅಚ್ಚುಕೂಟದ ಡ್ರೈವರ್‌ನಿಂದ ಕಾರಿನ ದೋಷದ ಕೋಡ್ ಓದುವ ಪುಟ್ಟ ಯಂತ್ರ ಎರವಲು ತಂದಿದ್ದ. ಅದರ ಪ್ರಕಾರ ಹೊಗೆಯ ಬಿಸಿ ಅಳೆಯುವ ಸೆನ್ಸರ್ ಕೆಟ್ಟಿತ್ತು. ನಂಬರ್ ಒಂದು.

"ಹೊಗೆ ಎಷ್ಟು ಕಾದಿದೆ ಅಂತ ಎಂಜಿನ್‌ಗೆ ಗೊತ್ತಾಗ್ಬೇಕು ಅತ್ತೆ. ಗೊತ್ತಾಗದಿದ್ರೆ ಗಾಳಿ ತುಂಬೋ ಟರ್ಬೊ ಸುಟ್ಟುಹೋಗುತ್ತೆ ಅಂತ ಹೆದರಿ ಶಕ್ತಿ ಕಡಿಮೆ ಮಾಡ್ಕೊಳ್ಳುತ್ತೆ," ಎಂದು ವಿವರಿಸಿದ.

"ಅಂದ್ರೆ ಥರ್ಮಾಮೀಟರ್ ಕೆಟ್ಟಿದೆ, ಜ್ವರ ಇಲ್ಲ. ಆದ್ರೂ ಹಾಸಿಗೆ ಹಿಡಿದಿದೆ." ಅತ್ತೆ ಕನ್ನಡಕದ ಮೇಲಿಂದ ನೋಡಿದರು. "ಗಾಡಿಗೂ ಅಳಿಯಂದಿರದ್ದೇ ಸ್ವಭಾವ ಬಂದಿದೆ."

ಶುಕ್ರವಾರ ಹೊಸ ಸೆನ್ಸರ್ ಬಂತು. ಬೆರಳುದ್ದದ ಲೋಹದ ಕಡ್ಡಿ, ತಿರುಪಿನ ಕತ್ತು, ಹಿಂದೆ ಉದ್ದನೆಯ ವೈರು. ಶನಿವಾರ ಬೆಳಗ್ಗೆ ಅವನು ಕಾರಿನ ಪುಸ್ತಕವನ್ನು ಅಂಗಳದಲ್ಲಿ ತೆರೆದಿಟ್ಟುಕೊಂಡ. ಓದುತ್ತ ಓದುತ್ತ ಅದರಲ್ಲಿ ಮೂರು ಕಾಗುಣಿತದ ತಪ್ಪು ಹಿಡಿದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ. ಆಮೇಲೆ ಜಾಕಿ ಕೊಟ್ಟು ಕಾರನ್ನು ಎತ್ತಿ, ಸ್ಟ್ಯಾಂಡ್ ಇಟ್ಟು, ಬೆನ್ನ ಮೇಲೆ ಮಲಗಿ ಒಳಕ್ಕೆ ಜಾರಿದ. ಅತ್ತೆ ಸ್ಟೂಲು ತಂದು ಪಕ್ಕದಲ್ಲಿ ಕೂತು, ಪರದೆಯ ಕೊನೆಯ ಅಂಚನ್ನು ಕೈಹೊಲಿಗೆ ಹಾಕತೊಡಗಿದರು.

ಸೈಲೆನ್ಸರ್ ಕಡೆಯಿಂದ ನೋಡಿದರೆ ಮೊದಲು ಸಿಗುವ ಸೆನ್ಸರ್ ಕೈಗೆ ಸುಲಭವಾಗಿತ್ತು. ಪಾನಾ ಹಾಕಿ ಎರಡು ಸಲ ತಿರುಗಿಸುವಷ್ಟರಲ್ಲಿ ಬಿಚ್ಚಿಕೊಂಡಿತು. ಅವನು ಹೊಸದನ್ನು ಕೂರಿಸಿ ಹೊರಗೆ ಬಂದು, ಮೂಗಿನ ಮೇಲೆ ಮಸಿ ಬಳಿದುಕೊಂಡೇ, "ಇಷ್ಟೇ! ಇದಕ್ಕೆ ಗ್ಯಾರೇಜಿನವರು ಒಂಬತ್ತು ದಿನ ಅಂತಾರೆ," ಎಂದ.

ಅತ್ತೆ ಹಳೆಯದನ್ನು ಕೈಗೆತ್ತಿಕೊಂಡು ಹೊರಳಿಸಿದರು. "ಇದರ ವೈರು ಗಿಡ್ಡ. ಹೊಸದರದ್ದು ಒಂದು ಗೇಣು ಉದ್ದ ಇತ್ತಲ್ಲ?"

"ಈಗೆಲ್ಲ ಸ್ವಲ್ಪ ಉದ್ದಾನೇ ಕೊಡ್ತಾರೆ. ಉಳಿದಿದ್ದನ್ನ ಸುತ್ತಿ ಕಟ್ಟಿದೀನಿ."

"ನಾನು ಹೊಲಿಗೆ ಶುರು ಮಾಡಿದಾಗಿನಿಂದ ಕಾಯ್ತಾ ಇದೀನಿ, ಯಾರೂ ಒಂದು ಗೇಣು ಬಟ್ಟೆ ಪುಕ್ಕಟೆ ಕೊಟ್ಟಿಲ್ಲ. ಅಳಿಯಂದಿರಿಗೆ ಅದೃಷ್ಟ ಇದೆ."

ಅವನು ನಕ್ಕು ಹಳೆಯ ಕೋಡ್ ಅಳಿಸಿ ಕಾರು ಶುರು ಮಾಡಿದ. ಹಳದಿ ದೀಪ ಒಂದು ಗಳಿಗೆ ಆರಿತು. ಅವನು ಅತ್ತೆಯ ಕಡೆಗೆ ಹೆಬ್ಬೆರಳೆತ್ತಿ ತೋರಿಸುವಷ್ಟರಲ್ಲಿ ಮತ್ತೆ ಹೊತ್ತಿಕೊಂಡಿತು. ಹೆಬ್ಬೆರಳು ಮೇಲೇ ಉಳಿಯಿತು.

ಯಂತ್ರ ಮತ್ತದೇ ಹೇಳಿತು: ನಂಬರ್ ಒಂದು.

"ಹೊಸದೇ ಕೆಟ್ಟಿರಬೇಕು," ಎಂದು ಅವನು ಗೊಣಗಿದ.

"ಇಂಥವು ಒಟ್ಟು ಎಷ್ಟಿವೆ?"

"ಮೂರು."

"ಯಾವ ತುದಿಯಿಂದ ಎಣಿಸಿದ್ರಿ?"

ಅವನು ಪುಸ್ತಕದ ಪುಟ ತಿರುಗಿಸಿದ. ಅವನದೇ ಕೆಂಪು ಗುರುತುಗಳ ನಡುವೆ ತಪ್ಪಿಲ್ಲದೆ ಅಚ್ಚಾಗಿದ್ದ ಒಂದು ಸಾಲು ಇತ್ತು: ಸೆನ್ಸರ್‌ಗಳನ್ನು ಎಂಜಿನ್ ಕಡೆಯಿಂದ ಎಣಿಸಬೇಕು. ತಪ್ಪಿಲ್ಲದ ಕಾರಣಕ್ಕೇ ಅವನ ಕಣ್ಣು ಅದರ ಮೇಲೆ ನಿಂತಿರಲಿಲ್ಲ. ಅವನು ಬಿಚ್ಚಿ ತೆಗೆದದ್ದು ಮೂರನೆಯದು, ನೆಟ್ಟಗೆ ಕೆಲಸ ಮಾಡುತ್ತಿದ್ದದ್ದು.

ಅತ್ತೆ ಸೂಜಿಗೆ ದಾರ ಪೋಣಿಸಿದರು. ಆದರೆ ಅವರ ಭುಜ ಕುಲುಕುತ್ತಿತ್ತು.

ಹಳೆಯದು ಮತ್ತೆ ಅದರ ಜಾಗಕ್ಕೆ ಹೋಯಿತು. ನಿಜವಾದ ಒಂದನೆಯದು ಎಂಜಿನ್ನಿನ ಹಿಂಬದಿ, ಟರ್ಬೊಗಿಂತ ಮೊದಲು, ಒಂದು ತಗಡಿನ ಮರೆಯಲ್ಲಿ ತುಕ್ಕು ಹಿಡಿದು ಕೂತಿತ್ತು. ಬಾನೆಟ್ ಎತ್ತಿ ತಗಡು ಬಿಚ್ಚಿ ಪಾನಾ ಹಾಕಿದ. ಅದು ಅಲುಗಲಿಲ್ಲ. ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿ ಅರ್ಧ ಗಂಟೆ ಕಾದ. ಎಂಜಿನ್ ಐದು ನಿಮಿಷ ಓಡಿಸಿ, ಬೆಚ್ಚಗಾದ ಮೇಲೆ ಆರಿಸಿ, ಕೈಗವಸು ಹಾಕಿಕೊಂಡು ಮತ್ತೆ ಪ್ರಯತ್ನಿಸಿದ. ಹಲ್ಲು ಕಚ್ಚಿ ಎಳೆದಾಗ ಪಾನಾ ಜಾರಿ ಗೆಣ್ಣು ಕಿತ್ತು ರಕ್ತ ಬಂತು. ಗಂಟೆ ಎರಡಾಗಿತ್ತು.

"ಬಾಡಿಗೆ ವ್ಯಾನಿಗೇ ಹೇಳ್ಲಾ?" ಅತ್ತೆ ಕೇಳಿದರು. ಈ ಸಲ ದನಿಯಲ್ಲಿ ಗೇಲಿ ಇರಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು.

"ಇನ್ನೊಂದು ಸಲ ನೋಡ್ತೀನಿ."

ಈ ಬಾರಿ ಬಲವಂತ ಮಾಡಲಿಲ್ಲ. ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಿದ, ಆಮೇಲೆ ಸಡಿಲ, ಮತ್ತೆ ಬಿಗಿ, ಮತ್ತೆ ಎಣ್ಣೆ. ಹತ್ತನೆಯದೋ ಹನ್ನೆರಡನೆಯದೋ ಸಲ ಅದು ಕಿರ್ರೆಂದು ಅಳುತ್ತ ತಿರುಗಿತು. ಕಡ್ಡಿ ಹೊರಗೆ ಬಂತು. ಆದರೆ ವೈರಿನ ಇನ್ನೊಂದು ತುದಿಯ ಪ್ಲಗ್ ಎಂಜಿನ್ ಹಿಂದಿನ ಲೋಹದ ಗೋಡೆಗಂಟಿದ ಇಕ್ಕಟ್ಟಿನಲ್ಲಿತ್ತು, ಕಣ್ಣಿಗೂ ಕಾಣದ ಕಡೆ. ಅವನು ತೋಳು ತೂರಿಸಿದ. ಬೆರಳು ಪ್ಲಗ್ಗಿಗೆ ತಗುಲಿತು, ಕ್ಲಿಪ್ ಒತ್ತಲು ಆಗಲಿಲ್ಲ. ಸಿಟ್ಟಿನಲ್ಲಿ ವೈರನ್ನೇ ಹಿಡಿದು ಜಗ್ಗಿದ.

"ಏ ಪೆದ್ದಾ, ಎಳೀಬೇಡ್ವೋ! ಆ ಕಡೆಯ ವೈರೂ ಕಿತ್ಕೊಂಡು ಬರುತ್ತೆ. ತೆಗಿ ಕೈ, ನಾನು ನೋಡ್ತೀನಿ!"

ಅತ್ತೆ ನಾಲಿಗೆ ಕಚ್ಚಿಕೊಂಡರು. ಅಳಿಯ ತೋಳನ್ನು ಎಂಜಿನ್ನಿನೊಳಗೇ ಬಿಟ್ಟುಕೊಂಡು ಅವರನ್ನು ನೋಡಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ಯಾರೋ ಅವನನ್ನು ಸ್ವಂತದವನ ಹಾಗೆ ಬೈದಿದ್ದರು.

"ತೆಗೀತೀನಿ ಅತ್ತೆ," ಎಂದ ಮೆಲ್ಲಗೆ. "ಆದ್ರೆ ನಿಮ್ಮ ಸೀರೆಗೆ ಮಸಿ ಆದ್ರೆ ನನ್ನನ್ನ ಬೈಯೋ ಹಾಗಿಲ್ಲ."

"ಬೈಯದೆ ಬಿಡ್ತೀನಾ?" ಎಂದು ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿದರು.

ಹೊಲಿಗೆ ಯಂತ್ರದ ಕೆಳಗೆ ಕೈ ಹಾಕಿ, ನೋಡದೆಯೇ ಬಾಬಿನ್ ತೆಗೆದು ಹಾಕಿ ಅಭ್ಯಾಸವಾದ ಸಣ್ಣ ಕೈ ಅದು. ಸಂದಿಯೊಳಗೆ ಸಲೀಸಾಗಿ ಹೋಯಿತು. ಅತ್ತೆ ಕಣ್ಣು ಮುಚ್ಚಿದರು. ಟಕ್ ಎಂಬ ಸದ್ದು. ಪ್ಲಗ್ ಕೈಯಲ್ಲಿತ್ತು.

ಅವನು ಹೊಸ ಸೆನ್ಸರಿನ ತಿರುಪಿಗೆ, ತುದಿಗೆ ತಾಗದಂತೆ, ಮುಂದೆ ಕಚ್ಚಿಕೊಳ್ಳದಿರಲೆಂದು ಪೇಸ್ಟ್ ಸವರಿ ಕೂರಿಸಿದ. ವೈರು ಒಂದು ಗೇಣೂ ಹೆಚ್ಚಿಲ್ಲದೆ, ಕಡಿಮೆಯೂ ಇಲ್ಲದೆ ಪ್ಲಗ್ಗಿನ ಜಾಗಕ್ಕೆ ಸರಿಯಾಗಿ ಮುಟ್ಟಿತು. ಅತ್ತೆಯೇ ಅದನ್ನು ಒತ್ತಿ ಕೂರಿಸಿದರು. ಅವನು ಕೋಡ್ ಅಳಿಸಿ ಕಾರು ಶುರು ಮಾಡಿದ. ದೀಪ ಆರಿತು. ಇಬ್ಬರೂ ಅದನ್ನೇ ನೋಡುತ್ತ ಕೂತರು. ಐದು ನಿಮಿಷವಾದರೂ ಹೊತ್ತಿಕೊಳ್ಳಲಿಲ್ಲ.

ಡ್ಯೂಟಿ ಮುಗಿಸಿ ಬಂದ ಹೆಂಡತಿ ಗೇಟಿನಲ್ಲೇ ನಿಂತಳು. ಗಂಡನ ಮೂಗು ಕಪ್ಪು, ಅಮ್ಮನ ಕೈ ಮೊಣಕೈವರೆಗೂ ಕಪ್ಪು.

"ಯಾರು ರಿಪೇರಿ ಮಾಡಿದ್ದು?"

"ಬಿಚ್ಚಿದ್ದೆಲ್ಲ ಇವನು," ಎಂದರು ಅತ್ತೆ. "ಸರಿಯಾದದ್ದನ್ನೂ ಬಿಚ್ಚಿದ."

ಆ ಏಕವಚನ ಕೇಳಿ ಅವಳು ಗಂಡನ ಮುಖ ನೋಡಿದಳು. ಅವನು ಬಹುಮಾನ ಬಂದವನ ಹಾಗೆ ನಗುತ್ತಿದ್ದ.

ಪರದೆಯ ಗಂಟನ್ನು ಮೂವರೂ ಸೇರಿ ಹಿಂದಿನ ಸೀಟಿಗೆ ತುಂಬಿದರು. ಜಾಗ ಸಾಲದೆ ಹೆಂಡತಿ ಮನೆಯಲ್ಲೇ ಉಳಿದಳು. ಗುಡ್ಡದ ತಿರುವಿನಲ್ಲಿ ಅವನು ಕಾಲು ಒತ್ತಿದ. ಟರ್ಬೊ ಸುಯ್ಯೆಂದಿತು, ಕಾರು ಮುಂದಕ್ಕೆ ನುಗ್ಗಿತು. ಅತ್ತೆ ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡರು.

"ನಿಧಾನ ಕಣೋ," ಎಂದರು. "ನಾಳೆ ನಾಟಕ ನೋಡೋಕೆ ನಾನೂ ಬದುಕಿರ್ಬೇಕು."