ಮೈಲಿಗಲ್ಲಿನ ಹೊಟ್ಟೆಯಲ್ಲಿ ಶಿಲುಬೆ

೧
ಹೆದ್ದಾರಿಯ ಕತೆಯನ್ನು ಯಾವ ತುದಿಯಿಂದ ಶುರುಮಾಡಬೇಕು, ನೀವೇ ಹೇಳಿ. ತೀಸಾ ನದಿಯ ಆಚೆ ದಡ ರುಮೇನಿಯಾ, ಈಚೆ ಉಕ್ರೇನಿನ ನಾವು, ನಮ್ಮ ದಡದುದ್ದಕ್ಕೂ ಈ ರಸ್ತೆ. 'ಚಕ್ರವರ್ತಿಯ ಫಿರಂಗಿಗಳಿಗಾಗಿ...' ಎಂದು ಬರೆದೆ. ಹೊಡೆದುಹಾಕಿದೆ. (ಫಿರಂಗಿಗಿಂತ ಮೊದಲೇ ಕುರಿಗಳು ಬಂದಿದ್ದವು.)

೨
ಸರಿ, ಕುರಿಗಳಿಂದ. ಆಮೇಲೆ ಫಿರಂಗಿ, ಆಮೇಲೆ ಬೇರೆ ಬಾವುಟದ ಫಿರಂಗಿ. ಸರಕಾರ ಬದಲಾದಾಗೆಲ್ಲ ರಸ್ತೆಯ ಹೆಸರು ಬದಲಾಯಿತು. ಹೊಂಡಗಳು ಮಾತ್ರ ನಿಷ್ಠೆಯಿಂದ ಉಳಿದವು.

"ಏನೋ ಗೀಚ್ತಿದೀಯಾ?"

ರಸ್ತೆ ಬದಿಯ ಮನೆಯ ಪರಸ್ಕಾ ಅಜ್ಜಿ. ಪಾತ್ರವಾಗೆಂದು ಕರೆತಂದರೆ ಯಜಮಾನಿಯಾಗಿ ಕೂತಿದ್ದಾಳೆ.

"ರಸ್ತೆ ಚರಿತ್ರೆ, ಅಜ್ಜಿ. ಅಗಲ ಮಾಡೋಕೆ ಮುಂಚೆ ಇಲಾಖೆಯವರು ಬರ್ಕೊಡಿ ಅಂದಿದಾರೆ."

"ನಮ್ಮ ಕಲ್ಲಿನ ಸುದ್ದಿ ಎತ್ತಿದ್ಯೋ, ಸೌಟಲ್ಲೇ ಬಾರಿಸ್ತೀನಿ!"

೩
(ಎತ್ತಲೇಬೇಕು. ಹಿಂದೆ, ದೇವರಿಲ್ಲವೆಂದ ಸರಕಾರ ದಾರಿಬದಿಯ ಶಿಲುಬೆಗಳನ್ನು ಕೀಳಿಸಿತು. ಆಗ ಅಜ್ಜಿಯ ಗಂಡ, ಗಾರೆ ಕೆಲಸದ ಇಲ್ಕೋ, ಊರ ಶಿಲುಬೆಯ ಸುತ್ತ ಸಿಮೆಂಟು ಮೆತ್ತಿ, ಸುಣ್ಣ ಬಳಿದು, ಮೇಲೊಂದು ಅಂಕಿ ಬರೆದುಬಿಟ್ಟ. ಮೈಲಿಗಲ್ಲು! ಅಂದಿನಿಂದ ಊರವರೆಲ್ಲ ಆ ಕಲ್ಲಿಗೆ ಟೋಪಿ ತೆಗೆದು ತಲೆಬಾಗುತ್ತಾರೆ. ಒಬ್ಬ ಅಧಿಕಾರಿ ನೋಡಿ, "ದೂರದ ಬಗ್ಗೆ ಈ ಜನಕ್ಕೆ ಎಂಥ ಗೌರವ!" ಎಂದು ಮೆಚ್ಚಿದ್ದನಂತೆ. ಅಂಕಿ ತಪ್ಪಿತ್ತು. ನಕ್ಷೆ ತಿದ್ದಿದರು.)

ಅಂತ್ಯ, ಒಂದನೆಯದು: ನಿಜ ಬರೆದೆ. ಶಿಲುಬೆ ಪಟ್ಟಣದ ಮ್ಯೂಸಿಯಮ್ಮಿಗೆ ಹೋಯಿತು. ಗಾಜಿನೊಳಗೆ ದೇವರು, ಟಿಕೆಟ್ಟಿಗೆ ಸಾಲು.

ಇನ್ನೊಂದು: ಬರೆಯಲಿಲ್ಲ. ಬರೀ ಕಲ್ಲು ತಾನೆ? ಜೆಸಿಬಿ ಬಂತು.

"ಎರಡೂ ಬೇಡ," ಅಂದಳು ಅಜ್ಜಿ. "ನದಿ ಮೊದ್ಲು ಇಲ್ಲೇ ಹರೀತಿತ್ತು, ಇದು ಹಳೇ ಗಡಿಕಲ್ಲು ಅಂತ ಬರಿ. ದೇವರಿಗೆ ಹೆದರದೆ ಇರೋನು ಗಡಿಗೆ ಹೆದರ್ತಾನೆ."

"ಸುಳ್ಳಲ್ವಾ ಅಜ್ಜಿ?"

"ಇಷ್ಟು ದಿನ ಬರೆದಿದ್ದೆಲ್ಲ ಸತ್ಯಾನಾ ಹಾಗಾದ್ರೆ? ಪಾಪ ನಂಗಿರ್ಲಿ. ಈಸ್ಟರ್‌ಗೆ ಪಾದ್ರಿ ಹತ್ರ ಹೇಳ್ಕೋತೀನಿ, ನೀನು ಬರಿ."

೫
(ನಾಲ್ಕನ್ನು ಆಕೆಯೇ ಹರಿದು ಒಲೆಗೆ ಹಾಕಿದಳು.) ಬರೆದೆ. ಈಗ ಎರಡೂ ದೇಶಗಳ ಸಮಿತಿ ಟೇಪು ಹಿಡಿದು ಕಲ್ಲಿನ ಸುತ್ತ ಸುತ್ತುತ್ತಿದೆ, ನೋಡಿದವರಿಗೆ ಪ್ರದಕ್ಷಿಣೆ. ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಕೆಲಸ ನಿಂತಿದೆ. ಮುಗಿಸಿ ಎನ್ನಬೇಡಿ, ಅಳತೆಯೇ ಮುಗಿದಿಲ್ಲ, ನಾನು ಹೇಗೆ ಮುಗಿಸಲಿ?

ಸುಮ್ಮನೆ ನಿಂತ ಜೆಸಿಬಿಯ ಚಾಲಕ ಪಕ್ಕದ ಊರಿನವನು. ಇವತ್ತು ಬೆಳಿಗ್ಗೆ ಇಳಿದು, ಟೋಪಿ ತೆಗೆದು, ಕಲ್ಲಿಗೆ ತಲೆಬಾಗಿದ.

"ಯಾಕಯ್ಯಾ, ಏನಿದೆ ಅದರಲ್ಲಿ?" ಸಮಿತಿಯವರು ಕೇಳಿದರು.

"ಯಾರಿಗ್ಗೊತ್ತು ಸಾರ್," ಅಂದ. "ನಮ್ಮಪ್ಪಾನೂ ಬಾಗ್ತಿದ್ದ."

ಕಿಟಕಿಯಲ್ಲಿ ಅಜ್ಜಿ ನನ್ನತ್ತ ಸೌಟು ಎತ್ತಿ ತೋರಿಸುತ್ತಿದ್ದಾಳೆ. ಇಲ್ಲಿಗೆ ಪೆನ್ನು ಎತ್ತಿ...